ನಾಯಿಗೆ ಉಸಿರಾಟದ ತೊಂದರೆ: ಕೆಮ್ಮಿಗೆ ಔಷಧ ಹುಡುಕುವ ಮೊದಲು ನಿದ್ದೆಯಲ್ಲಿನ ಉಸಿರನ್ನು ಎಣಿಸಿ

ಪ್ರಶ್ನೆ: ನಮ್ಮ ಮನೆಯ ಪೊಮೆರೇನಿಯನ್ ನಾಯಿಗೆ ಈಗ ಒಂಬತ್ತು ವರ್ಷ. ಸ್ವಲ್ಪ ದಪ್ಪವಾಗಿದೆ. ಯಾರಾದರೂ ಮನೆಗೆ ಬಂದಾಗ ಅಥವಾ ಕೊರಳಪಟ್ಟಿ ಹಿಡಿದೆಳೆದಾಗ ಅದಕ್ಕೆ ಮೊದಲಿನಿಂದಲೂ ಒಣ ಕೆಮ್ಮು ಬರುತ್ತಿತ್ತು. ಕೆಲವು ವಾರಗಳಿಂದ ರಾತ್ರಿಯೂ ಕೆಮ್ಮುತ್ತಿದೆ, ಮಲಗಿದ್ದಾಗಲೂ ಉಸಿರು ವೇಗವಾಗಿ ಓಡುವಂತೆ ಕಾಣುತ್ತದೆ. ವಯಸ್ಸಾದ ನಾಯಿಗೆ ಇದೆಲ್ಲ ಸಹಜ ಎಂದು ಒಬ್ಬರು, ಮನುಷ್ಯರ ಕೆಮ್ಮಿನ ಸಿರಪ್ ಸ್ವಲ್ಪ ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯಲ್ಲಿ ಆಸ್ತಮಾಕ್ಕೆ ಬಳಸುವ ಇನ್‌ಹೇಲರ್ ಇದೆ, ಅದನ್ನು ಕೊಡಬಹುದೇ? ಇಂಥ ತೊಂದರೆಯನ್ನು ಮನೆಯಲ್ಲಿ ಹೇಗೆ ನಿಭಾಯಿಸಬೇಕು, ಯಾವಾಗ ತುರ್ತಾಗಿ ವೈದ್ಯರಲ್ಲಿಗೆ ಒಯ್ಯಬೇಕು?

ಉತ್ತರ: ನೀವು ಬರೆದಿರುವ ವಿವರಗಳ ಪೈಕಿ ನನಗೆ ಹೆಚ್ಚು ಕಳವಳ ತಂದದ್ದು ನಾಯಿ ಮಲಗಿದ್ದಾಗಲೂ ಉಸಿರು ವೇಗವಾಗಿ ಓಡುತ್ತದೆ ಎಂಬ ಮಾತು. ನೆಂಟರು ಬಂದ ಸಂಭ್ರಮದಲ್ಲಿ ಕೆಮ್ಮುವ ಚಿಕ್ಕ ತಳಿಯ ನಾಯಿಗಳು ಎಷ್ಟೋ ವರ್ಷ ಹಾಗೆಯೇ ಕೆಮ್ಮುತ್ತಾ, ಉಳಿದಂತೆ ಚೆನ್ನಾಗಿಯೇ ಬದುಕುವುದುಂಟು. ಆದರೆ ತಂಪಾದ ಕೋಣೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರುವ ನಾಯಿಗೆ ಬೇಗ ಬೇಗ ಉಸಿರಾಡುವ ಅಗತ್ಯವೇ ಬರಬಾರದು; ಬಂದಿದೆಯೆಂದರೆ ಶ್ವಾಸಕೋಶದಲ್ಲೋ ಹೃದಯದಲ್ಲೋ ರಕ್ತದಲ್ಲೋ ಏನೋ ಏರುಪೇರಾಗಿದೆ ಎಂದೇ ತಿಳಿಯಬೇಕು. ವಯಸ್ಸು ಕಾಯಿಲೆಗಳಿಗೆ ದಾರಿ ಮಾಡಿಕೊಡುತ್ತದೆ ನಿಜ, ಆದರೆ ವಯಸ್ಸೊಂದೇ ಉಸಿರನ್ನು ವೇಗಗೊಳಿಸುವುದಿಲ್ಲ. ಆದ್ದರಿಂದ ಸಿರಪ್ ಬೇಡ, ಇನ್‌ಹೇಲರ್ ಬೇಡ. ಇಂದು ರಾತ್ರಿಯೇ ಉಸಿರನ್ನು ಎಣಿಸಿ, ಒಂದೆರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ಎಣಿಕೆ ನಾನು ಮುಂದೆ ಹೇಳುವ ಮಿತಿಯನ್ನು ದಾಟಿದ್ದರೆ ಅಷ್ಟು ದಿನವೂ ಕಾಯಬೇಡಿ.

ಎಣಿಸುವ ಕ್ರಮ ಹೀಗಿದೆ. ನಾಯಿ ಗಾಢ ನಿದ್ದೆಗೆ ಜಾರಿದ ಮೇಲೆ ಅದನ್ನು ಮುಟ್ಟದೆ ಪಕ್ಕದಲ್ಲಿ ಕುಳಿತು, ಕೊನೆಯ ಪಕ್ಕೆಲುಬಿನ ಆಸುಪಾಸಿನಲ್ಲಿ ಮೈ ಏರಿಳಿಯುವುದನ್ನು ನೋಡಿ. ದಟ್ಟ ಕೂದಲಿನ ನಾಯಿಯಲ್ಲಿ ಇದು ಸ್ಪಷ್ಟವಾಗಿ ಕಾಣುವುದಿಲ್ಲ. ಬೆಳಕು ಅಡ್ಡಲಾಗಿ ಬೀಳುವಂತೆ ಮಾಡಿಕೊಂಡರೆ ಕೂದಲಿನ ತುದಿಗಳು ಅಲುಗುವುದು ಗೊತ್ತಾಗುತ್ತದೆ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ, ಅಥವಾ ಪೂರ್ತಿ ಒಂದು ನಿಮಿಷ ಎಣಿಸಿ. ನಾಯಿ ಕನಸು ಕಾಣುತ್ತಾ ಕಾಲು ಕೊಡವುತ್ತಿದ್ದರೆ, ಆಗಷ್ಟೇ ಓಡಾಡಿ ಬಂದು ಮಲಗಿದ್ದರೆ ಅಥವಾ ಕೋಣೆ ಸೆಕೆಯಾಗಿದ್ದರೆ ಆ ಎಣಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರೋಗ್ಯವಂತ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ, ಎಷ್ಟೋ ನಾಯಿಗಳು 20ರ ಆಸುಪಾಸಿನಲ್ಲೇ ಇರುತ್ತವೆ. ಎಣಿಕೆ 30 ದಾಟಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ವೈದ್ಯರಿಗೆ ಕರೆ ಮಾಡಿ. ನಿದ್ದೆಯಲ್ಲೇ 40 ದಾಟಿದ್ದರೆ, ಅಥವಾ ಎಣಿಕೆ ಎಷ್ಟೇ ಇದ್ದರೂ ನಾಯಿ ಕಷ್ಟಪಟ್ಟು ಉಸಿರೆಳೆಯುತ್ತಿದ್ದರೆ, ಬೆಳಗಾಗುವವರೆಗೆ ಕಾಯದೆ ಹೊರಡಬೇಕು. ಪ್ರತಿದಿನದ ಎಣಿಕೆಯನ್ನು ದಿನಾಂಕದೊಂದಿಗೆ ಬರೆದಿಡಿ. ಸದಾ 18 ಇರುತ್ತಿದ್ದ ನಾಯಿ 28ಕ್ಕೆ ಏರಿದೆಯೆಂದರೆ, ಮಿತಿಯೊಳಗೇ ಇದ್ದರೂ ಅದು ವೈದ್ಯರಿಗೆ ಹೇಳಬೇಕಾದ ಸಂಗತಿ.

ನಾಲಿಗೆ ಹೊರಚಾಚಿ ತೇಕುವುದನ್ನು ಇದರೊಂದಿಗೆ ಬೆರೆಸಬಾರದು. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ನಾಲಿಗೆ, ಬಾಯಿ ಮತ್ತು ಮೂಗಿನ ಒಳಮೈಯಿಂದ ತೇವ ಆವಿಯಾಗಿ ಹೋಗುವಾಗ ದೇಹದ ಬಿಸಿ ಇಳಿಯುತ್ತದೆ, ಅದಕ್ಕಾಗಿಯೇ ಅದು ತೇಕುತ್ತದೆ. ಆಗ ಉಸಿರು ನಿಮಿಷಕ್ಕೆ ಇನ್ನೂರು ದಾಟಿದರೂ ನಾಯಿ ನಿರಾಳವಾಗಿರುತ್ತದೆ, ಕರೆದರೆ ಬರುತ್ತದೆ, ತಿಂಡಿ ತೋರಿಸಿದರೆ ಬಾಯಿ ಮುಚ್ಚಿ ಮೂಸಿ ನೋಡುತ್ತದೆ, ನೆರಳಿನಲ್ಲಿ ಕೆಲವು ನಿಮಿಷ ಕಳೆದ ಮೇಲೆ ತಾನಾಗಿ ಶಾಂತವಾಗುತ್ತದೆ. ಸೆಕೆಯಿಲ್ಲದೆ, ಓಡಾಟವಿಲ್ಲದೆ, ಭಯಕ್ಕೂ ಕಾರಣವಿಲ್ಲದೆ ತೇಕುತ್ತಿದ್ದರೆ ನೋವು, ಜ್ವರ, ಹಾರ್ಮೋನಿನ ಕಾಯಿಲೆ ಅಥವಾ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಔಷಧದ ಪರಿಣಾಮ ಇರಬಹುದು. ಉಸಿರಾಟದ ತೊಂದರೆ ಇವೆಲ್ಲದರಿಂದ ಬೇರೆ. ಅಲ್ಲಿ ಪ್ರತಿಯೊಂದು ಉಸಿರಿನಲ್ಲೂ ಶ್ರಮ ಕಾಣುತ್ತದೆ.

ಆ ಶ್ರಮವನ್ನು ನೋಡಲು ಕಲಿತ ಮಾಲೀಕರು ನಾಯಿಯ ಜೀವ ಉಳಿಸುತ್ತಾರೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಕಷ್ಟದಲ್ಲಿರುವ ನಾಯಿ ಮಲಗಲು ಒಪ್ಪುವುದಿಲ್ಲ. ಮಲಗಿದರೂ ಕ್ಷಣದಲ್ಲೇ ಎದ್ದು ಕೂರುತ್ತದೆ. ಕತ್ತನ್ನು ಮುಂದಕ್ಕೆ ಚಾಚಿ, ಮೊಣಕೈಗಳನ್ನು ಎದೆಯಿಂದ ದೂರ ಇಟ್ಟು, ಎದೆಗೂಡಿಗೆ ಹಿಗ್ಗಲು ಜಾಗ ಮಾಡಿಕೊಡುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ, ಬಾಯಿಯ ಮೂಲೆಗಳು ಹಿಂದಕ್ಕೆ ಸರಿಯುತ್ತವೆ, ಎದೆ ಒಳಗೆ ಹೋದಾಗ ಹೊಟ್ಟೆ ಹೊರಗೆ ಬರುವಂತೆ ಎರಡೂ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತವೆ. ಶ್ರಮ ಉಸಿರೆಳೆಯುವಾಗ ಹೆಚ್ಚೋ ಬಿಡುವಾಗ ಹೆಚ್ಚೋ ಎಂಬುದನ್ನೂ ಗಮನಿಸಿ. ಎಳೆಯುವಾಗ ಗೊರಗೊರ ಅಥವಾ ಸಿಳ್ಳೆಯಂಥ ಸದ್ದಿನೊಡನೆ ಕಷ್ಟವಾದರೆ ತೊಂದರೆ ಮೂಗು, ಗಂಟಲು ಅಥವಾ ಕೊರಳಿನ ಭಾಗದ ಶ್ವಾಸನಾಳದಲ್ಲಿರುವ ಸಾಧ್ಯತೆ ಹೆಚ್ಚು. ಬಿಡುವಾಗ ಹೊಟ್ಟೆಯನ್ನು ಒತ್ತಿ ತಳ್ಳುತ್ತಿದ್ದರೆ ಎದೆಯೊಳಗಿನ ನಾಳಗಳಲ್ಲಿ. ಸದ್ದೇ ಇಲ್ಲದೆ ಮೇಲುಮೇಲಿನ ಚಿಕ್ಕ ಚಿಕ್ಕ ಉಸಿರುಗಳಾದರೆ ಶ್ವಾಸಕೋಶದಲ್ಲಿ ಅಥವಾ ಅದರ ಸುತ್ತ ನೀರು, ರಕ್ತ, ಗಾಳಿ ತುಂಬಿಕೊಂಡಿರಬಹುದು. ಗದ್ದಲ ಮಾಡುವ ಉಸಿರು ಮನೆಮಂದಿಯನ್ನು ಬೇಗ ಹೆದರಿಸುತ್ತದೆ, ಸದ್ದಿಲ್ಲದ ಚಿಕ್ಕ ಉಸಿರು ಕಣ್ಣಿಗೇ ಬೀಳುವುದಿಲ್ಲ. ಅಪಾಯ ಅದರಲ್ಲೂ ಅಷ್ಟೇ ಇರುತ್ತದೆ.

ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಗುಲಾಬಿ ಬಣ್ಣವಿದ್ದರೆ ಸದ್ಯಕ್ಕೆ ಸಮಾಧಾನ. ನೀಲಿ, ಬೂದು ಅಥವಾ ಬಿಳಿಚಿಕೊಂಡ ಒಸಡು ತುರ್ತು ಪರಿಸ್ಥಿತಿಯ ಗುರುತು. ಆದರೆ ಒಸಡು ನೀಲಿಯಾಗಲಿ ಎಂದು ಕಾಯುವುದು ಸರಿಯಲ್ಲ, ಏಕೆಂದರೆ ರಕ್ತದಲ್ಲಿ ಆಮ್ಲಜನಕ ಬಹಳ ಕೆಳಗಿಳಿದ ಮೇಲಷ್ಟೇ ಆ ಬಣ್ಣ ಬರುತ್ತದೆ. ರಕ್ತಹೀನತೆ ಇರುವ ನಾಯಿಯಲ್ಲಂತೂ ಪ್ರಾಣಕ್ಕೆ ಕುತ್ತು ಬಂದಾಗಲೂ ನೀಲಿ ಕಾಣಿಸದೆ ಇರಬಹುದು. ಮನುಷ್ಯರ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಾಯಿಯ ಕಿವಿಗೋ ಪಾದಕ್ಕೋ ಸಿಕ್ಕಿಸಿ ಬಂದ ಸಂಖ್ಯೆಯನ್ನು ನಂಬಬೇಡಿ. ಕೂದಲು ಮತ್ತು ಚರ್ಮದ ಬಣ್ಣದಿಂದ ಅದು ತಪ್ಪು ಲೆಕ್ಕ ತೋರಿಸುತ್ತದೆ.

ಇನ್ನು ನಿಮ್ಮ ನಾಯಿಯ ವಿಷಯ. ಒಂಬತ್ತು ವರ್ಷದ, ದಪ್ಪವಾದ ಪೊಮೆರೇನಿಯನ್ ಎಂದಾಗ ಎರಡು ಕಾಯಿಲೆಗಳು ಮೊದಲು ನೆನಪಾಗುತ್ತವೆ, ಎರಡೂ ಒಟ್ಟಿಗೇ ಇರುವುದೂ ಸಾಮಾನ್ಯ. ಮೊದಲನೆಯದು ಶ್ವಾಸನಾಳದ ಕುಸಿತ. ಶ್ವಾಸನಾಳವನ್ನು ತೆರೆದಿಡುವುದು ಅರ್ಧಚಂದ್ರಾಕಾರದ ಮೃದ್ವಸ್ಥಿಯ ಉಂಗುರಗಳು. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ, ಟಾಯ್ ಪೂಡಲ್ ಮೊದಲಾದ ಚಿಕ್ಕ ತಳಿಗಳಲ್ಲಿ ಈ ಉಂಗುರಗಳು ಕ್ರಮೇಣ ಬಲ ಕಳೆದುಕೊಂಡು ಚಪ್ಪಟೆಯಾಗುತ್ತವೆ. ಸಂಭ್ರಮವಾದಾಗ, ನೀರು ಕುಡಿದಾಗ, ಕೊರಳಪಟ್ಟಿ ಒತ್ತಿದಾಗ ಬಾತುಕೋಳಿ ಕೂಗಿದಂಥ ಗಡಸು ಕೆಮ್ಮು ಬರುವುದು ಇದರ ಗುರುತು. ನಿಮ್ಮ ನಾಯಿಯ ಹಳೆಯ ಕೆಮ್ಮು ಬಹುಶಃ ಇದೇ.

ಎರಡನೆಯದು ಹೃದಯದ ಎಡಭಾಗದ ಮೈಟ್ರಲ್ ಕವಾಟದ ಸವೆತ. ಚಿಕ್ಕ ತಳಿಯ ವಯಸ್ಸಾದ ನಾಯಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಹೃದ್ರೋಗವಿದು. ಕವಾಟ ದಪ್ಪವಾಗಿ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತದೆ, ಸೋರಿದ ರಕ್ತದಿಂದ ಎಡ ಹೃತ್ಕರ್ಣ ಹಿಗ್ಗುತ್ತದೆ, ಒತ್ತಡ ಹೆಚ್ಚುತ್ತಾ ಹೋಗಿ ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನೀರು ತುಂಬಲು ಆರಂಭವಾದಾಗ ಮೊದಲು ಬದಲಾಗುವುದು ನಿದ್ದೆಯಲ್ಲಿನ ಉಸಿರಿನ ವೇಗ, ಅನೇಕ ವೇಳೆ ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ. ಹೃದಯದ ಕಾಯಿಲೆಯೆಂದರೆ ಕೆಮ್ಮು ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಹಿಗ್ಗಿದ ಹೃದಯದ ಪಕ್ಕದಲ್ಲೇ ಇರುವ ಶ್ವಾಸನಾಳದ ಕವಲು ಬಲಹೀನವಾಗಿದ್ದರೆ, ಶ್ವಾಸಕೋಶದಲ್ಲಿ ತೊಟ್ಟು ನೀರಿಲ್ಲದಿದ್ದರೂ ನಾಯಿ ಕೆಮ್ಮುತ್ತದೆ. ಹೀಗಾಗಿ ಕೆಮ್ಮು ಎಷ್ಟಿದೆ ಎನ್ನುವುದರಿಂದ ಹೃದಯದ ಸ್ಥಿತಿಯನ್ನು ಅಳೆಯಲಾಗದು. ಉಸಿರಿನ ಎಣಿಕೆಯಿಂದ ಬಹುಮಟ್ಟಿಗೆ ಅಳೆಯಬಹುದು.

ಇವೆರಡನ್ನು ಬೇರ್ಪಡಿಸಲು ವೈದ್ಯರು ಸ್ಟೆತೊಸ್ಕೋಪಿನಿಂದ ಆಲಿಸಿ ಹೃದಯದಲ್ಲಿ ಮರ್ಮರ ಸದ್ದು ಇದೆಯೇ ಎಂದು ನೋಡುತ್ತಾರೆ, ಕೊರಳು ಮತ್ತು ಎದೆಯ ಎಕ್ಸ್-ರೇ ತೆಗೆಸುತ್ತಾರೆ, ಸಾಧ್ಯವಿದ್ದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸುತ್ತಾರೆ. ಒಂದೇ ಎಕ್ಸ್-ರೇಯಲ್ಲಿ ಶ್ವಾಸನಾಳ ಸರಿಯಾಗಿಯೇ ಕಾಣಬಹುದು, ಏಕೆಂದರೆ ಅದು ಉಸಿರಿನ ಒಂದು ಹಂತದಲ್ಲಿ ಕುಸಿದು ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ. ಆದ್ದರಿಂದ ಉಸಿರೆಳೆದಾಗ ಮತ್ತು ಬಿಟ್ಟಾಗ ಎರಡೂ ಚಿತ್ರಗಳು ಬೇಕು ಎಂದು ವೈದ್ಯರು ಹೇಳಿದರೆ ಅದು ಅನಗತ್ಯ ಖರ್ಚಲ್ಲ. ಸೊಳ್ಳೆಗಳಿಂದ ಹರಡುವ ಹೃದಯದ ಹುಳು ಇರುವ ಪ್ರದೇಶವಾದರೆ ಅದರ ರಕ್ತಪರೀಕ್ಷೆಯೂ ಆಗಬೇಕು. ಡೈರೊಫಿಲೇರಿಯಾ ಇಮ್ಮಿಟಿಸ್ ಎಂಬ ಈ ಹುಳು ಶ್ವಾಸಕೋಶದ ರಕ್ತನಾಳಗಳಲ್ಲಿ ನೆಲೆಸಿ ಕೆಮ್ಮು ಮತ್ತು ದಣಿವನ್ನು ಉಂಟುಮಾಡುತ್ತದೆ. ಸೊಳ್ಳೆ ಕಚ್ಚಿದ ಮೇಲೆ ಅದು ಪೂರ್ತಿ ಬೆಳೆಯಲು ಆರು ತಿಂಗಳಿಗೂ ಹೆಚ್ಚು ಕಾಲ ಬೇಕಾಗುವುದರಿಂದ ತಿಂಗಳಿಗೊಮ್ಮೆ ಕೊಡುವ ತಡೆ ಔಷಧದಿಂದ ಅದನ್ನು ಸುಲಭವಾಗಿ ದೂರವಿಡಬಹುದು.

ಶ್ವಾಸನಾಳದ ಕುಸಿತವೇ ಆಗಿದ್ದರೆ ಮನೆಯಲ್ಲಿ ಮಾಡುವ ಕೆಲಸಕ್ಕೆ ಮಾತ್ರೆಗಳಷ್ಟೇ ಬೆಲೆ ಇದೆ. ಕೊರಳಪಟ್ಟಿಯನ್ನು ಇಂದೇ ತೆಗೆದುಹಾಕಿ, ಎದೆಯ ಸುತ್ತ ಬರುವ ಹಾರ್ನೆಸ್ ಹಾಕಿ. ಅದೂ ಗಂಟಲನ್ನು ಒತ್ತದೆ ಎದೆಮೂಳೆಯ ಮೇಲೆ ಕೂರುವಂತಿರಬೇಕು. ತೂಕ ಇಳಿಸಿ. ಕೊಬ್ಬು ಎದೆಗೂಡಿನ ಸುತ್ತ ಮತ್ತು ಹೊಟ್ಟೆಯಲ್ಲಿ ತುಂಬಿಕೊಂಡರೆ ಪ್ರತಿ ಉಸಿರಿಗೂ ಹೆಚ್ಚು ಬಲ ಬೇಕಾಗುತ್ತದೆ, ಹೆಚ್ಚು ಬಲದಿಂದ ಎಳೆದಷ್ಟೂ ಸಡಿಲವಾದ ನಾಳ ಇನ್ನಷ್ಟು ಕುಸಿಯುತ್ತದೆ. ದಪ್ಪ ನಾಯಿಗಳು ತೂಕ ಇಳಿಸಿಕೊಂಡ ಮೇಲೆ ಔಷಧದ ಪ್ರಮಾಣವನ್ನು ಕಡಿಮೆ ಮಾಡಲು ಸಾಧ್ಯವಾಗುವುದು ಅಪರೂಪವಲ್ಲ. ಊಟವನ್ನು ಅಂದಾಜಿನಲ್ಲಿ ಹಾಕದೆ ತೂಗಿ ಹಾಕಿ, ನಡುವೆ ಕೊಡುವ ತಿಂಡಿಯನ್ನೂ ಆ ಲೆಕ್ಕದಲ್ಲೇ ಸೇರಿಸಿ. ಓಟದಿಂದ ತೂಕ ಇಳಿಸಲು ಹೋಗಬೇಡಿ, ಈ ನಾಯಿ ಅದನ್ನು ತಾಳಲಾರದು. ವೈದ್ಯರು ಕೋಡೀನ್ ಗುಂಪಿನ ಕೆಮ್ಮು ತಡೆಯುವ ಔಷಧವನ್ನೂ, ಊತ ಹೆಚ್ಚಿದ್ದಾಗ ಕೆಲವು ದಿನ ಸ್ಟೀರಾಯ್ಡನ್ನೂ ಬರೆದುಕೊಡಬಹುದು. ಯಾವ ಔಷಧಕ್ಕೂ ಬಗ್ಗದ ತೀವ್ರ ಕುಸಿತಕ್ಕೆ ನಾಳವನ್ನು ತೆರೆದಿಡುವ ಜಾಲರಿಯ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಒಳಗಿಡುವ ಚಿಕಿತ್ಸೆ ಇದೆ. ಅದು ಉಸಿರನ್ನು ಕೂಡಲೇ ಸರಾಗಗೊಳಿಸುತ್ತದೆ, ಆದರೆ ಕೆಮ್ಮು ಪೂರ್ತಿ ನಿಲ್ಲುವುದಿಲ್ಲ, ಕಾಲಕ್ರಮದಲ್ಲಿ ಸ್ಟೆಂಟ್ ಮುರಿಯುವ ಸಂಭವವೂ ಇದೆ. ಆದ್ದರಿಂದ ಉಳಿದೆಲ್ಲ ದಾರಿಗಳು ಮುಗಿದ ಮೇಲಷ್ಟೇ ಅದನ್ನು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹೃದಯದ ತೊಂದರೆಯೆಂದು ಗೊತ್ತಾದರೆ ಧೃತಿಗೆಡಬೇಡಿ. ಹೃದಯ ಹಿಗ್ಗಿದ್ದು ಇನ್ನೂ ನೀರು ತುಂಬದಿರುವ ಹಂತದಲ್ಲೇ ಪಿಮೊಬೆಂಡಾನ್ ಎಂಬ ಔಷಧವನ್ನು ಆರಂಭಿಸಿದರೆ ಹೃದಯ ವೈಫಲ್ಯ ಸರಾಸರಿ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಎಪಿಕ್ ಎಂಬ ದೊಡ್ಡ ಅಧ್ಯಯನ ತೋರಿಸಿತು. ಒಂಬತ್ತು ವರ್ಷದ ನಾಯಿಯ ಆಯುಷ್ಯದಲ್ಲಿ ಅದು ಸಣ್ಣ ಅವಧಿಯಲ್ಲ. ನೀರು ತುಂಬಿದ ಮೇಲೆ ಫ್ಯೂರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಔಷಧ ಸೇರುತ್ತದೆ, ಅದನ್ನು ಸಾಮಾನ್ಯವಾಗಿ ಜೀವನಪೂರ್ತಿ ಕೊಡಬೇಕಾಗುತ್ತದೆ. ಇಲ್ಲಿ ಎರಡು ಮಾತು ನೆನಪಿಡಿ. ಈ ಔಷಧ ಕೊಟ್ಟ ನಾಯಿ ಹೆಚ್ಚು ಮೂತ್ರ ಮಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ; ಶ್ವಾಸಕೋಶದಲ್ಲಿ ನೀರಿದೆಯೆಂದು ಕುಡಿಯುವ ನೀರನ್ನು ತಡೆದರೆ ಮೂತ್ರಪಿಂಡ ಕೆಡುತ್ತದೆ. ಹಾಗೆಯೇ ನಾಯಿ ಚೇತರಿಸಿಕೊಂಡಿತು ಎಂದು ಔಷಧವನ್ನು ನೀವಾಗಿಯೇ ನಿಲ್ಲಿಸಿದರೆ ನೀರು ಮತ್ತೆ ತುಂಬಿಕೊಳ್ಳುತ್ತದೆ. ಉಪ್ಪು ಹಾಕಿದ ತಿಂಡಿಗಳನ್ನು ಬಿಡಿಸಿ. ಪ್ರತಿ ರಾತ್ರಿ ಉಸಿರಿನ ಎಣಿಕೆ ಮುಂದುವರಿಸಿ. ಔಷಧದ ಪ್ರಮಾಣ ಸಾಲುತ್ತಿದೆಯೇ ಎಂದು ತೀರ್ಮಾನಿಸಲು ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಮನೆಯಿಂದ ಸಿಗಲಾರದು.

ಸಿರಪ್ ಮತ್ತು ಇನ್‌ಹೇಲರ್ ಬೇಡವೆಂದದ್ದು ಏಕೆಂದು ಹೇಳಬೇಕು. ಮನುಷ್ಯರ ಕೆಮ್ಮು ನೆಗಡಿಯ ಔಷಧಗಳಲ್ಲಿ ಪ್ಯಾರಾಸಿಟಮಾಲ್, ಮೂಗು ಕಟ್ಟುವುದನ್ನು ಬಿಡಿಸುವ ಸೂಡೊಎಫೆಡ್ರಿನ್, ಸಕ್ಕರೆಯ ಬದಲಿಗೆ ಹಾಕುವ ಜೈಲಿಟಾಲ್ ಇವುಗಳಲ್ಲಿ ಯಾವುದಾದರೂ ಇರಬಹುದು. ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಿ ಯಕೃತ್ತನ್ನು ಕೆಡಿಸುತ್ತದೆ, ಸೂಡೊಎಫೆಡ್ರಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಅಪಾಯಕರವಾಗಿ ಏರಿಸುತ್ತದೆ, ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡುವುದಲ್ಲದೆ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕುಂದಿಸುತ್ತದೆ. ಇವೇನೂ ಇಲ್ಲದ ಸಿರಪ್ ಆದರೂ, ನ್ಯುಮೋನಿಯಾ ಇರುವ ನಾಯಿಯ ಕೆಮ್ಮನ್ನು ಅಡಗಿಸಿದರೆ ಕಫ ಒಳಗೇ ಉಳಿದು ಸೋಂಕು ಬಲಿಯುತ್ತದೆ. ಬೆಕ್ಕುಗಳಿಗೆ ಆಸ್ತಮಾ ಬರುವಂತೆ ನಾಯಿಗಳಿಗೆ ಬರುವುದು ಬಹಳ ಅಪರೂಪ, ಆದ್ದರಿಂದ ನಿಮ್ಮ ಇನ್‌ಹೇಲರಿನಿಂದ ಪ್ರಯೋಜನವಾಗುವ ಸಂಭವವೂ ಕಡಿಮೆ. ದೀರ್ಘಕಾಲದ ಬ್ರಾಂಕೈಟಿಸ್ (ಶ್ವಾಸನಾಳದ ಕವಲುಗಳ ಉರಿಯೂತ) ಇರುವ ನಾಯಿಗಳಿಗೆ ವೈದ್ಯರು ಸ್ಟೀರಾಯ್ಡ್ ಇನ್‌ಹೇಲರನ್ನು ಮುಖಕವಚವಿರುವ ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡಿಸುತ್ತಾರೆ. ಅದು ಬೇರೆ ಔಷಧ, ಬೇರೆ ಕಾಯಿಲೆ. ಮನೆಯಲ್ಲಿರುವ ಸಾಲ್ಬುಟಮಾಲ್ ಇನ್‌ಹೇಲರನ್ನು ನಾಯಿಗೆ ಎಟುಕದಂತೆ ಇಡಿ. ನಾಯಿ ಅದನ್ನು ಕಚ್ಚಿ ತೂತು ಮಾಡಿದರೆ ಒಮ್ಮೆಗೇ ಬಹಳಷ್ಟು ಔಷಧ ಒಳಹೋಗಿ, ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಹಿಂದೆ ಬೇರೆ ಯಾವುದಕ್ಕೋ ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆ ಉಳಿದಿದ್ದರೆ ಅದನ್ನೂ ಕೊಡಬೇಡಿ. ಹೃದಯ ದುರ್ಬಲವಾಗಿರುವ ನಾಯಿಗೆ ಅದು ನೀರು ತುಂಬುವುದನ್ನು ಚುರುಕುಗೊಳಿಸಬಲ್ಲದು.

ಇದನ್ನು ಓದುವ ಬೇರೆ ಮಾಲೀಕರಲ್ಲಿ ಪಗ್, ಫ್ರೆಂಚ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್, ಪೆಕಿನೀಸ್‌ನಂಥ ಚಪ್ಪಟೆ ಮುಖದ ತಳಿಗಳನ್ನು ಸಾಕಿದವರು ಹಲವರಿರುತ್ತಾರೆ. ಅವರಿಗೆ ಹೇಳಬೇಕಾದ ಮಾತೊಂದಿದೆ: ಈ ನಾಯಿಗಳ ಗೊರಕೆ ತಳಿಯ ಮುದ್ದಾದ ಸ್ವಭಾವವಲ್ಲ, ಕಿರಿದಾದ ದಾರಿಯಲ್ಲಿ ಗಾಳಿ ಎಳೆಯುವ ಹೆಣಗಾಟ. ಮುಖದ ಮೂಳೆ ಮೊಟಕಾದರೂ ಒಳಗಿನ ಮಾಂಸಭಾಗ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರುವುದಿಲ್ಲ. ಮೂಗಿನ ಹೊಳ್ಳೆಗಳು ಸೀಳಿನಷ್ಟೇ ಉಳಿದಿರುತ್ತವೆ, ಉದ್ದವಾದ ಮೃದು ಅಂಗುಳ ಗಂಟಲಿನ ಬಾಯಿಗೆ ಅಡ್ಡ ಬರುತ್ತದೆ, ವರ್ಷಗಟ್ಟಲೆ ಬಲವಾಗಿ ಎಳೆದೆಳೆದು ಧ್ವನಿಪೆಟ್ಟಿಗೆಯ ಅಂಚಿನ ಚೀಲಗಳು ಹೊರಮಗುಚಿಕೊಂಡು ಉಸಿರಿನ ದಾರಿಗೆ ಅಡ್ಡ ಬರುತ್ತವೆ. ಗಲ್ಲವನ್ನು ಎತ್ತರದ ಮೇಲೆ ಆನಿಸಿಕೊಂಡು, ಕುಳಿತೇ ತೂಕಡಿಸುತ್ತಾ, ಕೆಲವೊಮ್ಮೆ ಆಟಿಕೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಮಲಗುವ ಬುಲ್‌ಡಾಗನ್ನು ನೋಡಿ ನಗುವವರಿದ್ದಾರೆ. ಬಾಯಿ ಮುಚ್ಚಿದರೆ ಉಸಿರು ಸಿಗದೆಂದು ಅದು ಕಂಡುಕೊಂಡ ಉಪಾಯವದು. ಇವು ಊಟವಾದ ಮೇಲೆ ಪದೇ ಪದೇ ಕಕ್ಕುವುದಕ್ಕೂ ಇದೇ ಹೆಣಗಾಟ ಕಾರಣವಾಗಿರಬಹುದು. ಬ್ರಿಟನ್ನಿನ ನಾಯಿತಳಿಗಳ ಸಂಸ್ಥೆಯಾದ ಕೆನಲ್ ಕ್ಲಬ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯ 2019ರಲ್ಲಿ ಆರಂಭಿಸಿದ ಪರೀಕ್ಷಾ ಕ್ರಮದಲ್ಲಿ ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ನಂತರವೂ ಗಂಟಲಿನ ಸದ್ದನ್ನು ಆಲಿಸಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ತೊಂದರೆ ಇರುವ ನಾಯಿಗೆ ಹೊಳ್ಳೆ ಮತ್ತು ಅಂಗುಳವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಚಿಕ್ಕ ವಯಸ್ಸಿನಲ್ಲೇ ಮಾಡಿಸುವುದು ಒಳ್ಳೆಯದು. ಧ್ವನಿಪೆಟ್ಟಿಗೆ ಕುಸಿಯುವ ಹಂತಕ್ಕೆ ಹೋದ ಮೇಲೆ ಫಲ ಕಡಿಮೆ. ಉಸಿರಾಡಲು ಒದ್ದಾಡುವ ನಾಯಿಯಿಂದ ಮರಿ ಮಾಡಿಸಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮುದಿ ನಾಯಿ ಬೊಗಳುವ ಧ್ವನಿ ಬದಲಾಗಿ ಒರಟಾದರೆ, ನೀರು ಕುಡಿಯುವಾಗ ಕೆಮ್ಮಿದರೆ, ನಡೆದಾಡುವಾಗ ಉಸಿರೆಳೆಯುವ ಸದ್ದು ಕೇಳಿಸಿದರೆ ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವನ್ನು ಶಂಕಿಸಬೇಕು. ಉಸಿರೆಳೆಯುವಾಗ ತೆರೆದುಕೊಳ್ಳಬೇಕಾದ ಧ್ವನಿಪೆಟ್ಟಿಗೆಯ ಬಾಗಿಲು ನರದ ಬಲಹೀನತೆಯಿಂದ ಮುಚ್ಚಿಕೊಂಡೇ ಇರುತ್ತದೆ. ಸೆಕೆಯ ದಿನ ಇಂಥ ನಾಯಿ ಕೆಲವೇ ನಿಮಿಷಗಳಲ್ಲಿ ಕುಸಿದು ಬೀಳಬಹುದು. ಒಂದು ಬದಿಯ ಬಾಗಿಲನ್ನು ಶಾಶ್ವತವಾಗಿ ತೆರೆದು ಕಟ್ಟುವ ಶಸ್ತ್ರಚಿಕಿತ್ಸೆಯಿಂದ ಬಹಳ ಸುಖ ಸಿಗುತ್ತದೆ, ಆದರೆ ಆಮೇಲೆ ಅನ್ನ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಜೀವನಪೂರ್ತಿ ಉಳಿಯುವುದರಿಂದ ಈಜಿಸುವುದನ್ನು ನಿಲ್ಲಿಸಬೇಕು. ಮರಿ ಮತ್ತು ಪ್ರಾಯದ ನಾಯಿಗಳಲ್ಲಿ, ಅದರಲ್ಲೂ ಬೇರೆ ನಾಯಿಗಳೊಂದಿಗೆ ಇದ್ದು ಬಂದ ಮೇಲೆ, ದಿಢೀರನೆ ಶುರುವಾಗುವ ಕೆಮ್ಮು ಸಾಮಾನ್ಯವಾಗಿ ಸೋಂಕಿನದು. ನಾಯಿ ಚಟುವಟಿಕೆಯಿಂದಿದ್ದರೆ ಒಂದರಿಂದ ಮೂರು ವಾರದಲ್ಲಿ ಹೋಗುತ್ತದೆ, ಜ್ವರ ಬಂದು ಊಟ ಬಿಟ್ಟರೆ ನ್ಯುಮೋನಿಯಾ ಇರಬಹುದು. ರಕ್ತ ಹೀರುವ ಉಣ್ಣಿ ಹುಳುಗಳಿಂದ ಬರುವ ಜ್ವರದಲ್ಲಿ ರಕ್ತ ನಾಶವಾಗಿ, ಶ್ವಾಸಕೋಶ ಸರಿಯಾಗಿದ್ದರೂ ಉಸಿರು ಓಡುತ್ತದೆ. ಬಿಳಿಚಿದ ಒಸಡು ಅದರ ಸುಳಿವು. ಇಲಿ ಪಾಷಾಣ ತಿಂದ ನಾಯಿಯಲ್ಲಿ ಕೆಲವು ದಿನಗಳ ನಂತರ ಎದೆಯೊಳಗೆ ರಕ್ತಸ್ರಾವವಾಗಿ ಉಸಿರು ಕಟ್ಟಬಹುದು. ಇನ್ನು ನಿಂತಲ್ಲೇ ಕತ್ತು ಚಾಚಿ, ಮೂಗಿನಿಂದ ಗೊರ್ ಗೊರ್ ಎಂದು ಗಾಳಿಯನ್ನು ಒಳಕ್ಕೆಳೆದು, ಅರೆ ನಿಮಿಷದಲ್ಲಿ ಏನೂ ಆಗದಂತೆ ಹೊರಟುಹೋಗುವ ಹಿಮ್ಮುಖ ಸೀನು ನಿರಪಾಯಕಾರಿ. ಗಂಟಲನ್ನು ಮೆಲ್ಲನೆ ಸವರಿದರೆ ಸಾಕು.

ರಾತ್ರಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ನಾಯಿಯನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಡಿ, ಅಂಗಾತ ಅಥವಾ ಒಂದು ಬದಿಗೆ ಮಲಗಿಸಬೇಡಿ, ಬಾಯಿಗೆ ಕುಕ್ಕೆ ಹಾಕಬೇಡಿ, ನೀರು ಅಥವಾ ಔಷಧವನ್ನು ಬಾಯಿಗೆ ಹುಯ್ಯಬೇಡಿ. ಅದು ತಾನಾಗಿ ಆಯ್ದುಕೊಂಡ ಭಂಗಿಯಲ್ಲೇ ಅದಕ್ಕೆ ಹೆಚ್ಚು ಗಾಳಿ ಸಿಗುತ್ತಿರುತ್ತದೆ, ಹಾಗೇ ಬಿಡಿ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ, ಕೋಣೆಯಲ್ಲಿರುವವರನ್ನು ಹೊರಗೆ ಕಳುಹಿಸಿ, ಮೆಲುದನಿಯಲ್ಲಿ ಮಾತಾಡಿ; ಗಾಬರಿಗೊಂಡ ನಾಯಿಗೆ ಆಮ್ಲಜನಕದ ಅಗತ್ಯ ಇನ್ನೂ ಹೆಚ್ಚುತ್ತದೆ. ಒಬ್ಬರು ಆಸ್ಪತ್ರೆಗೆ ಫೋನ್ ಮಾಡಿ ಉಸಿರು ಕಟ್ಟಿದ ನಾಯಿ ಬರುತ್ತಿದೆಯೆಂದು ತಿಳಿಸಲಿ, ಆಮ್ಲಜನಕದ ವ್ಯವಸ್ಥೆ ಇದೆಯೇ ಎಂದೂ ಕೇಳಲಿ. ವಾಹನವನ್ನು ಮೊದಲೇ ತಂಪು ಮಾಡಿ ನಾಯಿಯನ್ನು ಕೂರಿಸಿ. ಅಲ್ಲಿ ವೈದ್ಯರು ಕೂಡಲೇ ಎಕ್ಸ್-ರೇ ತೆಗೆಯದೆ ಆಮ್ಲಜನಕ ಕೊಟ್ಟು, ಸಣ್ಣ ಪ್ರಮಾಣದಲ್ಲಿ ಶಾಂತಗೊಳಿಸುವ ಔಷಧ ಕೊಟ್ಟು ಸುಮ್ಮನಿರಿಸಿದರೆ ಅವರು ತಡ ಮಾಡುತ್ತಿದ್ದಾರೆಂದು ಭಾವಿಸಬೇಡಿ. ಉಸಿರಿಗೆ ಒದ್ದಾಡುವ ನಾಯಿಯನ್ನು ಎಕ್ಸ್-ರೇ ಮೇಜಿನ ಮೇಲೆ ಅದುಮಿ ಮಲಗಿಸಿದರೆ ಅಲ್ಲೇ ಪ್ರಾಣ ಹೋಗಬಹುದು.

ಮೂರು ಸಂದರ್ಭಗಳಲ್ಲಿ ಮಾತ್ರ ಹೊರಡುವ ಮೊದಲು ಮನೆಯಲ್ಲೇ ಕೈಹಾಕಬೇಕಾಗುತ್ತದೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ನಾಯಿ ಬಾಯಿಯನ್ನು ಕಾಲಿನಿಂದ ಕೆರೆದುಕೊಳ್ಳುತ್ತಿದ್ದರೆ, ಕೆಮ್ಮಲು ಆಗುತ್ತಿರುವವರೆಗೆ ಅದನ್ನು ಕೆಮ್ಮಲು ಬಿಡಿ. ಉಸಿರೇ ನಿಂತರೆ ಬಾಯಿ ತೆರೆದು, ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ, ಕಾಣದೆ ಬೆರಳು ಹಾಕಿದರೆ ಅದು ಒಳಕ್ಕೆ ಹೋಗುತ್ತದೆ. ಚೆಂಡಾಗಿದ್ದರೆ ದವಡೆಯ ಕೆಳಗೆ ಹೊರಗಿನಿಂದಲೇ ಬಾಯಿಯ ಕಡೆಗೆ ಒತ್ತಿ ತಳ್ಳಿ. ಆಗದಿದ್ದರೆ ಚಿಕ್ಕ ನಾಯಿಯ ಹಿಂಭಾಗವನ್ನು ಮೇಲೆತ್ತಿ ತಲೆ ಕೆಳಗಾಗಿಸಿ, ದೊಡ್ಡದಾದರೆ ಪಕ್ಕೆಲುಬಿನ ಕೆಳಗೆ ಮುಷ್ಟಿಯಿಟ್ಟು ಮೇಲಕ್ಕೂ ಮುಂದಕ್ಕೂ ಒತ್ತಿ. ವಸ್ತು ಹೊರಬಂದರೂ ವೈದ್ಯರಿಗೆ ತೋರಿಸಿ, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ಸೇರುವುದುಂಟು. ಎರಡನೆಯದು ಬಿಸಿಲಿನ ಆಘಾತ. ನಾಯಿಯ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್; 41 ದಾಟಿದರೆ ಅಂಗಾಂಗಗಳಿಗೆ ಹಾನಿಯಾಗುತ್ತದೆ. ಮೊದಲು ಮೈ ತಣಿಸಿ, ಆಮೇಲೆ ಹೊರಡಿ: ತಣ್ಣೀರನ್ನು ಮೈಮೇಲೆ ಎಡೆಬಿಡದೆ ಸುರಿಯುತ್ತಾ ಗಾಳಿ ಹಾಕಿ, ಒದ್ದೆ ಬಟ್ಟೆ ಹೊದಿಸಬೇಡಿ, ತಾಪ 39.5ಕ್ಕೆ ಇಳಿದಾಗ ನಿಲ್ಲಿಸಿ. ಮೂರನೆಯದು, ನಾಯಿ ಪ್ರಜ್ಞೆ ತಪ್ಪಿ ಉಸಿರು ನಿಂತಿರುವಾಗ. ಒಂದು ಬದಿಗೆ ಮಲಗಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆ ಅದರ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಇಳಿಯುವಂತೆ 30 ಬಾರಿ ಒತ್ತಿ. ಬಾಯಿ ಮುಚ್ಚಿಹಿಡಿದು ಮೂಗಿನ ಮೂಲಕ ಎರಡು ಬಾರಿ ಉಸಿರು ಊದಿ. ದಾರಿಯುದ್ದಕ್ಕೂ ಇದನ್ನೇ ಮುಂದುವರಿಸಿ. ನಿಮ್ಮ ನಾಯಿಯಷ್ಟು ಚಿಕ್ಕದಾದರೆ ಎದೆಯನ್ನು ಒಂದೇ ಕೈಯಲ್ಲಿ ಸುತ್ತಿ ಹಿಡಿದು ಒತ್ತಬಹುದು.

ನಿತ್ಯದ ಆರೈಕೆಯಲ್ಲಿ ಹೆಚ್ಚೇನಿಲ್ಲ. ಬೆಳಿಗ್ಗೆ ತಂಪಿರುವಾಗ ಮತ್ತು ಸಂಜೆ ಕತ್ತಲಾದ ಮೇಲೆ ಸ್ವಲ್ಪ ದೂರ ನಡೆಸಿ, ಅದು ನಿಂತಲ್ಲಿ ನೀವೂ ನಿಲ್ಲಿ. ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ, ಸುಗಂಧದ ಸ್ಪ್ರೇ, ಧೂಳೆಬ್ಬಿಸುವ ಕಸಗುಡಿಕೆ ಬೇಡ. ನೆಂಟರು ಬಂದಾಗ ನಾಯಿಯನ್ನು ಮೊದಲೇ ಒಳಕೋಣೆಯಲ್ಲಿ ಬಿಟ್ಟು, ಅವರು ಕುಳಿತ ಮೇಲೆ ಕರೆತಂದರೆ ಬಾಗಿಲಲ್ಲಿ ಕುಣಿದು ಕೆಮ್ಮುವುದು ತಪ್ಪುತ್ತದೆ. ಹಲ್ಲು ಶುಚಿ ಮಾಡಿಸುವಂಥ ಸಣ್ಣ ಕೆಲಸಕ್ಕೆ ಅರಿವಳಿಕೆ ಕೊಡುವ ಮೊದಲೂ ಅದರ ಉಸಿರಾಟದ ತೊಂದರೆಯನ್ನು ತಿಳಿಸಬೇಕು.

ವೈದ್ಯರಲ್ಲಿಗೆ ಹೋಗುವಾಗ ಎರಡು ವಿಡಿಯೊ ಮಾಡಿಕೊಂಡು ಹೋಗಿ: ಒಂದು ರಾತ್ರಿಯ ಕೆಮ್ಮಿನದು, ಸದ್ದು ಕೇಳುವಂತೆ, ಇನ್ನೊಂದು ನಿದ್ದೆಯಲ್ಲಿನ ಉಸಿರಿನದು, ಪಕ್ಕೆ ಪೂರ್ತಿ ಕಾಣುವಂತೆ, ಒಂದು ನಿಮಿಷದಷ್ಟು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ತೇಕುವ ನಾಯಿಯಲ್ಲಿ ಇವೆರಡನ್ನೂ ನೋಡಲು ವೈದ್ಯರಿಗೆ ಸಾಧ್ಯವಾಗುವುದಿಲ್ಲ. ಎಣಿಕೆಯ ಚೀಟಿ, ಈವರೆಗೆ ಕೊಟ್ಟ ಔಷಧಗಳ ಹೆಸರು, ಸಿರಪನ್ನು ಈಗಾಗಲೇ ಕುಡಿಸಿದ್ದರೆ ಆ ಬಾಟಲಿ, ಇಷ್ಟನ್ನು ಜೊತೆಗೆ ಒಯ್ಯಿರಿ. ಕೆಮ್ಮು ಹಗಲಿನಲ್ಲಿ ಹೆಚ್ಚೋ ರಾತ್ರಿಯಲ್ಲೋ, ನಡಿಗೆಯ ದೂರ ಕಡಿಮೆಯಾಗಿದೆಯೇ, ಎಂದಾದರೂ ಕ್ಷಣಕಾಲ ಪ್ರಜ್ಞೆ ತಪ್ಪಿ ಬಿದ್ದಿತ್ತೇ ಎಂಬ ಪ್ರಶ್ನೆಗಳು ಖಂಡಿತ ಬರುತ್ತವೆ. ಮನೆಯಲ್ಲಿ ನಾಯಿಯೊಂದಿಗೆ ಹೆಚ್ಚು ಹೊತ್ತು ಕಳೆಯುವವರು ಯಾರೋ ಅವರೇ ಜೊತೆಗೆ ಹೋಗಲಿ.